ಕಡಲುಗಳ್ಳರ ಪಾಳಯದಿಂದ ಆಡುವ ಹೀರೋಸ್ 3: ‘ಹಾರ್ನ್ ಆಫ್ ದಿ ಅಬಿಸ್’ ವಿಮರ್ಶೆ

ಕಡಲುಗಳ್ಳರನ್ನು ವಸ್ತುವಾಗಿಟ್ಟುಕೊಂಡ ವಿಡಿಯೋ ಗೇಮ್‌ಗಳು ಸಾಕಷ್ಟಿವೆ. ಆದರೆ ಅವುಗಳಲ್ಲಿ ಹೆಚ್ಚಿನವು ಆಡುವವರ ಕೈಚಳಕವನ್ನೇ ನೆಚ್ಚಿಕೊಂಡಿವೆ. ಕತ್ತಿವರಸೆ, ಹಗ್ಗ ಹಿಡಿದು ಹಡಗಿನಿಂದ ಹಡಗಿಗೆ ಹಾರುವುದು, ಗುರಿಯಿಟ್ಟು ಫಿರಂಗಿ ಹಾರಿಸುವುದು ಇವೇ ಅವುಗಳ ಬಂಡವಾಳ. ಸರದಿಯ ಪ್ರಕಾರ ಒಂದೊಂದೇ ನಡೆ ನಡೆಸುತ್ತ, ಲಾಭ ನಷ್ಟಗಳನ್ನು ತೂಗಿ ನೋಡಿ ಆಡಬೇಕಾದ ತಂತ್ರದಾಟಗಳಲ್ಲಿ ಈ ವಸ್ತುವನ್ನು ಗಟ್ಟಿಯಾಗಿ ಹಿಡಿದವು ಕಡಿಮೆ. ನನ್ನ ಅನುಭವದಲ್ಲಿ ಅವುಗಳ ಪೈಕಿ ಮೊದಲ ಸ್ಥಾನಕ್ಕೆ ಅರ್ಹವಾದದ್ದು ಸ್ವತಂತ್ರ ಆಟವೇ ಅಲ್ಲ. ‘ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್ 3’ ಎಂಬ ಹಳೆಯ ಆಟಕ್ಕೆ ಅದರ ಅಭಿಮಾನಿಗಳೇ ಸೇರಿ ಕಟ್ಟಿದ ‘ಹಾರ್ನ್ ಆಫ್ ದಿ ಅಬಿಸ್’ ಎಂಬ ವಿಸ್ತರಣೆ. ಅದರಲ್ಲಿ ಬರುವ ‘ಕೋವ್’ ಎಂಬ ಕಡಲುಗಳ್ಳರ ಪಟ್ಟಣವನ್ನು ಕೇಂದ್ರವಾಗಿಟ್ಟುಕೊಂಡು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಮೂಲ ಆಟದ ಪರಿಚಯವಿಲ್ಲದವರಿಗೆ ಕೆಲವು ಮಾತು. ಅಮೆರಿಕದ ನ್ಯೂ ವರ್ಲ್ಡ್ ಕಂಪ್ಯೂಟಿಂಗ್ ಸಂಸ್ಥೆ ಸಿದ್ಧಪಡಿಸಿ, 3ಡಿಒ ಕಂಪನಿ 1999ರಲ್ಲಿ ಹೊರತಂದ ಹೀರೋಸ್ 3ರಲ್ಲಿ ಎಂಟು ಬಗೆಯ ಪಟ್ಟಣಗಳಿದ್ದವು; ಅದೇ ವರ್ಷ ಬಂದ ‘ಆರ್ಮಗೆಡನ್ಸ್ ಬ್ಲೇಡ್’ ಒಂಬತ್ತನೆಯದನ್ನು ಸೇರಿಸಿತು; 2000ದಲ್ಲಿ ‘ದಿ ಶ್ಯಾಡೋ ಆಫ್ ಡೆತ್’ ಬಂತು. ಆಟದಲ್ಲಿ ಒಂದು ಸರದಿಯೆಂದರೆ ಒಂದು ದಿನ, ಏಳು ದಿನಕ್ಕೆ ಒಂದು ವಾರ. ದಿನಕ್ಕೆ ಒಂದು ಪಟ್ಟಣದಲ್ಲಿ ಒಂದೇ ಕಟ್ಟಡ ಕಟ್ಟಬಹುದು; ವಾರದ ಮೊದಲ ದಿನ ಹೊಸ ಸೈನಿಕರು ನೇಮಕಕ್ಕೆ ಸಿಗುತ್ತಾರೆ. ಸೇನೆಯನ್ನು ಕರೆದುಕೊಂಡು ನಕ್ಷೆಯ ಮೇಲೆ ಅಲೆಯುವ ನಾಯಕರನ್ನು ಇಲ್ಲಿ ಹೀರೋ ಎನ್ನುತ್ತಾರೆ. ಹೀರೋ ಗಣಿಗಳನ್ನು ವಶಪಡಿಸಿಕೊಳ್ಳುತ್ತಾನೆ, ಕಾವಲಿರುವ ನಿಧಿಯನ್ನು ಕಾದಾಡಿ ಪಡೆಯುತ್ತಾನೆ, ಶತ್ರುವಿನ ಪಟ್ಟಣಕ್ಕೆ ಮುತ್ತಿಗೆ ಹಾಕುತ್ತಾನೆ. ಕಾಳಗ ಶುರುವಾದಾಗ ಪರದೆಯ ಮೇಲೆ ಉದ್ದಕ್ಕೆ 15, ಅಗಲಕ್ಕೆ 11 ಷಡ್ಭುಜ ಮನೆಗಳ ಕಣ ತೆರೆದುಕೊಳ್ಳುತ್ತದೆ. ಪ್ರತಿ ಹೀರೋ ಗರಿಷ್ಠ ಏಳು ತುಕಡಿಗಳನ್ನು ಇಳಿಸಬಹುದು. ವೇಗ ಹೆಚ್ಚಿರುವ ತುಕಡಿಗೆ ಮೊದಲ ಸರದಿ. ನಿಯಮಗಳು ಇಷ್ಟು ಸರಳವಾಗಿದ್ದರೂ ಇಪ್ಪತ್ತೈದು ವರ್ಷ ದಾಟಿದ ಮೇಲೂ ಜನ ಈ ಆಟವನ್ನು ಬಿಟ್ಟಿಲ್ಲ.

3ಡಿಒ ಕಂಪನಿ 2003ರಲ್ಲಿ ದಿವಾಳಿಯಾಯಿತು. ಈ ಸರಣಿಯ ಹಕ್ಕು ಯೂಬಿಸಾಫ್ಟ್ ಎಂಬ ಗೇಮ್ ಕಂಪನಿಯ ಪಾಲಾಯಿತು. ಮೂರನೆಯ ಭಾಗವನ್ನು ಬೆಳೆಸುವ ಕೆಲಸವನ್ನು ಆಮೇಲೆ ಕೈಗೆತ್ತಿಕೊಂಡವರು ಅಭಿಮಾನಿಗಳು. ರಷ್ಯನ್ ಭಾಷಿಕರ ಒಂದು ತಂಡ 2011ರ ಡಿಸೆಂಬರ್ 31ರಂದು ‘ಹಾರ್ನ್ ಆಫ್ ದಿ ಅಬಿಸ್’ನ ಮೊದಲ ಆವೃತ್ತಿಯನ್ನು ಉಚಿತವಾಗಿ ಬಿಡುಗಡೆ ಮಾಡಿ, ಅದರೊಂದಿಗೆ ಕೋವ್ ಎಂಬ ಹತ್ತನೆಯ ಪಟ್ಟಣವನ್ನು ಕೊಟ್ಟಿತು. ತಂಡ ಅಲ್ಲಿಗೆ ಕೈತೊಳೆದುಕೊಳ್ಳಲಿಲ್ಲ. ವರ್ಷ ವರ್ಷವೂ ತಿದ್ದುಪಡಿಗಳನ್ನು ತರುತ್ತ, 2023ರ ಕೊನೆಯಲ್ಲಿ ‘ಫ್ಯಾಕ್ಟರಿ’ ಎಂಬ ಹನ್ನೊಂದನೆಯ ಪಟ್ಟಣವನ್ನೂ ಸೇರಿಸಿತು. ಅಭಿಮಾನಿಗಳು ಮಾಡಿದ್ದೆಂದ ಕೂಡಲೇ ಅರೆಬರೆ ಕೆಲಸವೆಂದು ಭಾವಿಸುವವರು ಕೋವ್ ಪಟ್ಟಣದ ಪರದೆಯನ್ನು ಒಮ್ಮೆ ತೆರೆದು ನೋಡಬೇಕು. ಬಣ್ಣ, ಬೆಳಕಿನ ದಿಕ್ಕು, ಜೀವಿಗಳ ಚಲನೆ, ಹಿನ್ನೆಲೆಯ ಸಂಗೀತ ಎಲ್ಲವೂ 1999ರ ಕಲಾವಿದರ ಕೈಯಿಂದಲೇ ಬಂದಂತಿದೆ; ಹೊಸದು ಯಾವುದು, ಹಳೆಯದು ಯಾವುದು ಎಂದು ಮೊದಲ ಬಾರಿಗೆ ಆಡುವವರಿಗೆ ತಿಳಿಯಲಾರದು. ತನ್ನದೇ ಆದ ಶೈಲಿಯನ್ನು ಮೆರೆಯುವ ಆಸೆಯನ್ನು ಹತ್ತಿಕ್ಕಿ, ಬೇರೊಬ್ಬರ ಶೈಲಿಯೊಳಗೆ ಇಷ್ಟು ಶ್ರದ್ಧೆಯಿಂದ ಕೆಲಸ ಮಾಡಿದ ಈ ತಂಡದ ಬಗ್ಗೆ ನನಗೆ ಅಪಾರ ಗೌರವವಿದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕಪ್ಪು ಬಾವುಟ, ಒಂಟಿ ಕಣ್ಣಿನ ಪಟ್ಟಿ, ರಮ್ ಪೀಪಾಯಿಗಳನ್ನು ಯಾವ ಆಟಕ್ಕೂ ಹೊರಗಿನಿಂದ ಅಂಟಿಸಬಹುದು. ಕೋವ್‌ನ ಹೆಚ್ಚುಗಾರಿಕೆ ಅಲಂಕಾರದಲ್ಲಿಲ್ಲ, ಅಂಕಿಗಳಲ್ಲಿದೆ. ಕಡಲುಗಳ್ಳರು ಬದುಕಿದ್ದ ಕ್ರಮವನ್ನು ನೆನೆಯಿರಿ: ಮೊದಲ ಪೆಟ್ಟನ್ನು ತಾವೇ ಹೊಡೆಯುವುದು, ತಿರುಗಿ ಬೀಳುವಷ್ಟು ಹೊತ್ತನ್ನು ಎದುರಾಳಿಗೆ ಕೊಡದಿರುವುದು, ಸಿಕ್ಕಿದ್ದನ್ನು ಬಾಚಿಕೊಂಡು ಹೊರಡುವುದು, ದೀರ್ಘ ಮುತ್ತಿಗೆಯ ಗೋಜಿಗೆ ಹೋಗದಿರುವುದು. ಕೋವ್‌ನ ಸೇನೆಯನ್ನು ಆಳುವ ಸಂಖ್ಯೆಗಳು ಆಟಗಾರನನ್ನು ಇದೇ ಕ್ರಮಕ್ಕೆ ತಾವಾಗಿಯೇ ತಳ್ಳುತ್ತವೆ. ಯಾರೂ ಹೇಳಿಕೊಡದಿದ್ದರೂ ನಾಲ್ಕಾರು ಕಾಳಗಗಳಾಗುವಷ್ಟರಲ್ಲಿ ಆಡುವವರು ಕಡಲುಗಳ್ಳರಂತೆ ಯೋಚಿಸತೊಡಗಿರುತ್ತಾರೆ. ಒಂದು ತಂತ್ರದಾಟದ ವಸ್ತು ಅದರ ನಿಯಮಗಳಲ್ಲಿ ಇಳಿದಿದೆಯೇ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆಯನ್ನು ನಾನು ಕಾಣೆ.

ಪಟ್ಟಣದ ಸೈನಿಕರಲ್ಲಿ ಬಲದ ಪ್ರಕಾರ ಏಳು ದರ್ಜೆಗಳಿವೆ. ಇದನ್ನು ಪಟ್ಟಣದ ಹೃದಯದಂತಿರುವ ಮೂರನೆಯ ದರ್ಜೆಯ ತುಕಡಿಯಿಂದಲೇ ವಿವರಿಸಬಹುದು. ಅದರ ಹೆಸರೇ ಪೈರೇಟ್. ಹೀರೋಸ್ 3ರಲ್ಲಿ ದೂರದಿಂದ ಹೊಡೆಯುವ ತುಕಡಿಗಳಿಗೆ ಸಾಮಾನ್ಯವಾಗಿ ಹತ್ತಾರು ಬಾಣಗಳಿರುತ್ತವೆ; ಅವು ಮೂಲೆಯಲ್ಲಿ ನಿಂತು ಕಾಳಗ ಮುಗಿಯುವವರೆಗೂ ಬಾಣ ಬಿಡುತ್ತಲೇ ಇರುತ್ತವೆ. ಪೈರೇಟ್ ಬಳಿ ಇರುವುದು ನಾಲ್ಕೇ ಗುಂಡು. ಪಿಸ್ತೂಲುಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದವನು ಅವನ್ನು ಹಾರಿಸಿ ಮುಗಿಸಿ ಕತ್ತಿ ಹಿರಿಯಬೇಕು. ಅವನನ್ನು ಕೋರ್ಸೇರ್ ದರ್ಜೆಗೆ ಏರಿಸಿದರೆ ಹೆಚ್ಚಿನ ಬಿಲ್ಲುಗಾರರಿಗೆ ಇರುವ ದೊಡ್ಡ ಕೊರತೆ, ಅಂದರೆ ಕೈಕೈ ಕಾಳಗದಲ್ಲಿ ಪೆಟ್ಟು ಅರ್ಧಕ್ಕಿಳಿಯುವ ನಿಯಮ, ಅವನಿಗೆ ಅನ್ವಯಿಸುವುದಿಲ್ಲ. ಅಲ್ಲಿಂದಲೂ ಮೇಲಕ್ಕೆ ಇನ್ನೊಂದು ಮೆಟ್ಟಿಲಿದೆ. ಎರಡು ಸಲ ಬಡ್ತಿ ಪಡೆಯುವ ಜೀವಿ ಈ ಆಟದಲ್ಲಿ ಇದೊಂದೇ. ಸೀ ಡಾಗ್ ಎಂಬ ಆ ಕೊನೆಯ ರೂಪದಲ್ಲಿ ಅವನು ಕತ್ತಿ ಬೀಸಿದಾಗ ಎದುರಾಳಿಗೆ ತಿರುಗಿ ಹೊಡೆಯುವ ಅವಕಾಶವೇ ಸಿಗುವುದಿಲ್ಲ. ಹತ್ತಿರದಿಂದ ಹಾರಿಸಿದ ಗುಂಡು ಲೆಕ್ಕಕ್ಕಿಂತ ಹೆಚ್ಚು ಮಂದಿಯನ್ನು ಬಲಿ ತೆಗೆದುಕೊಳ್ಳುವ ಸಾಧ್ಯತೆಯೂ ಇದೆ.

ಇಷ್ಟೆಲ್ಲ ಇದ್ದೂ ಸೀ ಡಾಗ್‌ನ ಪ್ರಾಣಬಲ, ಅಂದರೆ ಸಾಯುವ ಮೊದಲು ತಾಳಬಲ್ಲ ಪೆಟ್ಟಿನ ಅಳತೆ, ಕೇವಲ 15. ಬೆಲೆ ತಲೆಗೆ 375 ಚಿನ್ನ. ಅದೇ ದರ್ಜೆಯ, ಅದೇ 15ರ ಪ್ರಾಣಬಲದ ಗ್ರ್ಯಾಂಡ್ ಎಲ್ಫ್ ಎಂಬ ಬಿಲ್ಲುಗಾರ ರ‍್ಯಾಂಪಾರ್ಟ್ ಪಟ್ಟಣದಲ್ಲಿ 225 ಚಿನ್ನಕ್ಕೆ ಸಿಗುತ್ತಾನೆ. ಅಷ್ಟು ದುಬಾರಿಯಾದ, ಅಷ್ಟು ಸುಲಭವಾಗಿ ಸಾಯುವ ತುಕಡಿಯನ್ನು ಮೂಲೆಯಲ್ಲಿಟ್ಟು ಕಾಯುತ್ತ ಕುಳಿತರೆ ನಾಲ್ಕು ಗುಂಡು ಮುಗಿಯುತ್ತವೆ. ಮುನ್ನುಗ್ಗಿಸಿದರೆ ಅದು ಸುತ್ತುವರಿಯಲ್ಪಟ್ಟು ಒಂದೇ ಸುತ್ತಿನಲ್ಲಿ ಕರಗಿಹೋಗಬಹುದು. ಯಾವ ಕ್ಷಣಕ್ಕೆ ಗುಂಡು ನಿಲ್ಲಿಸಿ ಕತ್ತಿ ಹಿಡಿಯಬೇಕು ಎಂಬ ಪ್ರಶ್ನೆ ಪ್ರತಿ ಕಾಳಗದಲ್ಲೂ ಹೊಸದಾಗಿ ಎದುರಾಗುತ್ತದೆ, ಮತ್ತು ಅದಕ್ಕೆ ಸಿದ್ಧ ಉತ್ತರವಿಲ್ಲ. 1000 ಚಿನ್ನ ಕೊಟ್ಟು ಮದ್ದುಗುಂಡಿನ ಬಂಡಿಯನ್ನು ಕೊಂಡರೆ ಗುಂಡು ಮುಗಿಯುವುದಿಲ್ಲ ನಿಜ. ಆದರೆ ಆ ಬಂಡಿಯೂ ರಣರಂಗದಲ್ಲೇ ನಿಂತಿರುತ್ತದೆ, ಚುರುಕಾದ ಎದುರಾಳಿ ಅದನ್ನೇ ಮೊದಲು ಒಡೆಯುತ್ತಾನೆ.

ನಾಲ್ಕನೆಯ ದರ್ಜೆಯ ಐಸಿಡ್ ಎಂಬ ಹಕ್ಕಿಯ ಸ್ವಭಾವವೂ ಇಂಥದ್ದೇ. ಅದರ ವೇಗ 11. ಅದು ಎರಗಿದಾಗ ಎದುರಿನ ತುಕಡಿಯಲ್ಲಿ ಒಬ್ಬನಾದರೂ ಸತ್ತರೆ ಅದಕ್ಕೆ ಆಗಲೇ ಮತ್ತೊಮ್ಮೆ ಹೊಡೆಯುವ ಹಕ್ಕು ಸಿಗುತ್ತದೆ. ಆದ್ದರಿಂದ ಬಲಿಷ್ಠವಾದ ಒಂಟಿ ಡ್ರ್ಯಾಗನ್‌ನ ಮೇಲೆ ಐಸಿಡ್ ಬಿಡುವುದು ದಂಡ, ದುರ್ಬಲರ ದೊಡ್ಡ ಗುಂಪಿನ ಮೇಲೆ ಬಿಟ್ಟರೆ ಸುಗ್ಗಿ. ಬಲವಿದ್ದಲ್ಲಿಗೆ ಹೋಗದೆ ಬಲವಿಲ್ಲದಲ್ಲಿಗೆ ನುಗ್ಗುವ ದರೋಡೆಯ ವಿವೇಕವನ್ನು ಒಂದೇ ಸಾಲಿನ ನಿಯಮದಲ್ಲಿ ಹಿಡಿದಿಟ್ಟಿರುವುದು ನನಗೆ ಬಹಳ ಹಿಡಿಸಿದೆ. ಮೊದಲ ದರ್ಜೆಯ ಜಲಕನ್ಯೆಯರಂತೂ 4ರ ಪ್ರಾಣಬಲದವರು. ಅಡೆತಡೆಗಳನ್ನು ಲೆಕ್ಕಿಸದೆ ಎದುರಿನ ಸಾಲನ್ನು ತಲುಪುತ್ತಾರೆ, ಒಂದು ಸಲ ಹೊಡೆಯುತ್ತಾರೆ, ಪೆಟ್ಟು ತಿಂದರೆ ಉಳಿಯುವುದಿಲ್ಲ. ಎರಡನೆಯ ದರ್ಜೆಯ ನಾವಿಕರ ಬಗ್ಗೆ ಹೇಳಲು ಹೆಚ್ಚಿಲ್ಲ. ಅಗ್ಗ, ಗಟ್ಟಿಮುಟ್ಟು, ಮೊದಲ ವಾರದ ಆಧಾರ.

ಈ ಆಕ್ರಮಣಶೀಲತೆಗೆ ಮೂಲ ಆಟದ ಲೆಕ್ಕಾಚಾರವೇ ಒತ್ತಾಸೆಯಾಗಿ ನಿಂತಿದೆ. ಹೀರೋಸ್ 3ರಲ್ಲಿ ಹೊಡೆಯುವವನ ದಾಳಿಯ ಅಂಕವು ಪೆಟ್ಟು ತಿನ್ನುವವನ ರಕ್ಷಣೆಯ ಅಂಕಕ್ಕಿಂತ ಹೆಚ್ಚಿದ್ದರೆ, ಹೆಚ್ಚಿರುವ ಒಂದೊಂದು ಅಂಕಕ್ಕೂ ಪೆಟ್ಟು ಶೇ. 5ರಷ್ಟು ಏರುತ್ತದೆ, ರಕ್ಷಣೆಯ ಅಂಕ ಹೆಚ್ಚಿದ್ದರೆ ಒಂದೊಂದು ಅಂಕಕ್ಕೂ ಶೇ. 2.5ರಷ್ಟು ಮಾತ್ರ ಇಳಿಯುತ್ತದೆ. ಹೀಗೆ ದಾಳಿಗೆ ಮೊದಲಿನಿಂದಲೂ ಒಂದು ಪಾಲು ಹೆಚ್ಚು ಬೆಲೆಯಿರುವ ಆಟದಲ್ಲಿ, ದಾಳಿಯನ್ನೇ ನಂಬಿ ಬದುಕುವ ಒಂದು ಪಟ್ಟಣವನ್ನು ಅದರ ಸಮತೋಲ ಕೆಡದಂತೆ ಸೇರಿಸುವುದು ಸುಲಭದ ಕೆಲಸವಲ್ಲ. ತಂಡ ಕಂಡುಕೊಂಡ ದಾರಿಯೆಂದರೆ ಪೆಟ್ಟಿನ ಬಲವನ್ನು ಕೊಟ್ಟು ತಾಳಿಕೆಯನ್ನು ಕಿತ್ತುಕೊಳ್ಳುವುದು; ಆಮೇಲೆ ಆ ತಾಳಿಕೆಯನ್ನೆಲ್ಲ ಒಂದೇ ಕಡೆ, ಆರನೆಯ ದರ್ಜೆಯ ನಿಕ್ಸ್ ಯೋಧನಲ್ಲಿ, ರಾಶಿ ಹಾಕುವುದು.

ನಿಕ್ಸ್ ಯೋಧ ತನ್ನನ್ನು ಹೊಡೆಯುವವನ ದಾಳಿಯ ಅಂಕದಲ್ಲಿ ಶೇ. 60ರಷ್ಟನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇದರ ಪರಿಣಾಮವನ್ನು ಒಂದು ಉದಾಹರಣೆಯಿಂದ ನೋಡೋಣ. ಹೀರೋನ ಅಂಕವೂ ಸೇರಿ 30 ದಾಳಿಯ ಅಂಕವಿರುವ ಒಂದು ತುಕಡಿಯ ಮೂಲ ಪೆಟ್ಟು 100 ಎಂದಿಟ್ಟುಕೊಳ್ಳಿ. 17 ರಕ್ಷಣೆಯ ಅಂಕವಿರುವ ಬೇರೆ ಯಾವುದೇ ಜೀವಿಗೆ ಅದು 165ರ ಪೆಟ್ಟು ಕೊಡುತ್ತದೆ. ಅದೇ 17 ಅಂಕದ ನಿಕ್ಸ್ ಯೋಧನ ಮುಂದೆ 30 ಎಂಬುದು 12ಕ್ಕೆ ಇಳಿಯುವುದರಿಂದ ಪೆಟ್ಟು 87ರ ಆಸುಪಾಸಿಗೆ ಬರುತ್ತದೆ, ಹೆಚ್ಚುಕಡಿಮೆ ಅರ್ಧ. ಹೀಗಾಗಿ ನಿಕ್ಸ್ ಯೋಧರನ್ನು ಮುಂದೆ ನಿಲ್ಲಿಸಿ, ಅವರ ಬೆನ್ನ ಹಿಂದಿನಿಂದ ಸಮುದ್ರ ಮಾಟಗಾತಿಯರು ಶತ್ರುವಿನ ದಾಳಿ ಮತ್ತು ರಕ್ಷಣೆಯ ಬಲವನ್ನು ಕುಗ್ಗಿಸುತ್ತಿರುವಾಗ, ಸೀ ಡಾಗ್‌ಗಳನ್ನು ಸರಿಯಾದ ಗಳಿಗೆಗೆ ಹೊರಬಿಡುವುದು ಕೋವ್‌ನ ಉತ್ತಮ ಆಟ. ಇದರಲ್ಲಿ ಒಂದು ತುಕಡಿ ತಪ್ಪಿದರೂ ಉಳಿದವು ತತ್ತರಿಸುತ್ತವೆ. ಏಳು ತುಕಡಿಗಳೂ ಒಂದನ್ನೊಂದು ಅವಲಂಬಿಸಿರುವ ಈ ಹೆಣಿಗೆ ಮೂಲ ಆಟದ ಎಷ್ಟೋ ಪಟ್ಟಣಗಳಲ್ಲಿ ಇಲ್ಲ.

ಏಳನೆಯ ದರ್ಜೆಯ ಕಡಲ ಸರ್ಪ, ಅದರ ಬಡ್ತಿಯ ರೂಪವಾದ ಹ್ಯಾಸ್ಪಿಡ್, ಕಡಲುಗಳ್ಳರ ಪಟ್ಟಣಕ್ಕೆ ಗಾಂಭೀರ್ಯವನ್ನು ತಂದುಕೊಡುತ್ತವೆ. ಹ್ಯಾಸ್ಪಿಡ್‌ನ ಪ್ರಾಣಬಲ 300, ವೇಗ 12. ಒಂದನ್ನು ನೇಮಿಸಲು 4000 ಚಿನ್ನ ಮತ್ತು 2 ಗಂಧಕ ಬೇಕು. ಅದಕ್ಕಿರುವ ‘ಸೇಡು’ ಎಂಬ ಗುಣದಿಂದಾಗಿ ತನ್ನ ತುಕಡಿ ಎಷ್ಟು ಪೆಟ್ಟು ತಿಂದಿದೆಯೋ ಅಷ್ಟೂ ಬಲವಾಗಿ ತಿರುಗಿ ಹೊಡೆಯುತ್ತದೆ. ಆದ್ದರಿಂದ ಗೆಲುವು ಹತ್ತಿರವಾಗಿದೆ ಎಂದು ಶತ್ರು ಭಾವಿಸುವ ಹೊತ್ತಿಗೇ ಅದು ಅತ್ಯಂತ ಅಪಾಯಕಾರಿಯಾಗಿರುತ್ತದೆ. ಮನುಷ್ಯರೊಂದಿಗೆ ಆಡುವಾಗ ಇದು ಮಾನಸಿಕವಾಗಿಯೂ ಕೆಲಸ ಮಾಡುತ್ತದೆ: ಗಾಯಗೊಂಡ ಹ್ಯಾಸ್ಪಿಡ್ ತುಕಡಿಯನ್ನು ಮುಗಿಸಬೇಕೋ ದೂರವಿರಬೇಕೋ ಎಂದು ಎದುರಾಳಿ ತಡವರಿಸುವ ಒಂದು ಸರದಿ ಸಾಕು, ಕಾಳಗದ ದಿಕ್ಕು ಬದಲಾಗುತ್ತದೆ.

ಹೀರೋಗಳಲ್ಲಿ ಕ್ಯಾಪ್ಟನ್ ಮತ್ತು ನ್ಯಾವಿಗೇಟರ್ ಎಂಬ ಎರಡು ವರ್ಗ. ಮೊದಲನೆಯವರು ಕತ್ತಿಯ ಜನ, ಎರಡನೆಯವರು ಮಂತ್ರದ ಜನ. ಕ್ಯಾಪ್ಟನ್‌ಗಳ ಪೈಕಿ ಜೆರೆಮಿಯ ವಿಶೇಷ ಫಿರಂಗಿ. ಉಳಿದ ಪಟ್ಟಣಗಳವರು ದೊಡ್ಡ ಬಿಲ್ಲಿನ ಯಂತ್ರದಿಂದ ತೃಪ್ತರಾಗಬೇಕಾದಲ್ಲಿ ಕೋವ್‌ನವರಿಗೆ ಅದಕ್ಕಿಂತ ಬಲವಾದ, ಅದಕ್ಕಿಂತ ದುಬಾರಿಯಾದ ಫಿರಂಗಿ ಸಿಗುತ್ತದೆ. ಈ ಪಟ್ಟಣದ ತವರು ನೆಲ ಜೌಗು. ಜೌಗಿನಲ್ಲಿ ನಡೆಯಲು ಉಳಿದವರಿಗೆ ಸಾಮಾನ್ಯ ನೆಲಕ್ಕಿಂತ ಒಂದೂಮುಕ್ಕಾಲು ಪಟ್ಟು ಶ್ರಮ ಬೇಕಾದರೆ, ಬರೀ ಕೋವ್‌ನ ಸೈನಿಕರೇ ಇರುವ ಸೇನೆಗೆ ಆ ದಂಡವಿಲ್ಲ. ಶತ್ರು ಕೆಸರಿನಲ್ಲಿ ಕಾಲೆಳೆಯುತ್ತಿರುವಾಗ ನಮ್ಮ ಹೀರೋ ಎರಡು ಗಣಿಗಳನ್ನು ಕಸಿದುಕೊಂಡು ಬಂದಿರುತ್ತಾನೆ.

ಸಮುದ್ರದ ಮೇಲಿನ ಅಲೆದಾಟಕ್ಕೆ ಮೂಲ ಆಟದಲ್ಲೇ ಒಳ್ಳೆಯ ಅಡಿಪಾಯವಿತ್ತು. ದೋಣಿ ಕಟ್ಟಿಸಲು 1000 ಚಿನ್ನ ಮತ್ತು 10 ಮರ ಬೇಕು. ನೀರಿನ ಮೇಲೆ ತೇಲುವ ಪೆಟ್ಟಿಗೆಗಳಲ್ಲಿ ಬಹಳ ಸಲ 1500 ಚಿನ್ನ ಸಿಗುತ್ತದೆ. ಒಡೆದ ಹಡಗಿನಿಂದ ಬದುಕುಳಿದವನನ್ನು ಎತ್ತಿಕೊಂಡರೆ ಅವನು ಕೃತಜ್ಞತೆಯಿಂದ ಒಂದು ಮಾಯಾವಸ್ತುವನ್ನು ಕೊಡುತ್ತಾನೆ. ಸೈರನ್‌ಗಳ ಬಂಡೆಯ ಬಳಿ ನಿಂತರೆ ಸೇನೆಯ ಶೇ. 30ರಷ್ಟು ಮಂದಿ ಹಾಡಿಗೆ ಮರುಳಾಗಿ ನೀರಿಗೆ ಹಾರುತ್ತಾರೆ, ಹೀರೋಗೆ ಮಾತ್ರ ಅದರಿಂದ ಅನುಭವದ ಅಂಕಗಳು ಬರುತ್ತವೆ. ಅಗ್ಗದ ಸೈನಿಕರನ್ನು ಕೊಟ್ಟು ಹೀರೋನನ್ನು ಬೆಳೆಸುವ ಈ ಕ್ರೂರ ವ್ಯಾಪಾರವನ್ನು ಅನುಭವಿಗಳು ಯೋಚಿಸಿಯೇ ಮಾಡುತ್ತಾರೆ. ಸುಳಿಯೊಳಗೆ ಹೊಕ್ಕರೆ ನಕ್ಷೆಯ ಇನ್ನೊಂದು ಮೂಲೆಯ ಸುಳಿಯಲ್ಲಿ ತೇಲುತ್ತೇವೆ, ಆದರೆ ಅತ್ಯಂತ ದುರ್ಬಲ ತುಕಡಿಯ ಅರ್ಧವನ್ನು ಅದು ನುಂಗುತ್ತದೆ. ಒಬ್ಬಳೇ ಜಲಕನ್ಯೆಯನ್ನು ಒಂದು ತುಕಡಿಯಾಗಿ ಬಿಡಿಸಿಟ್ಟುಕೊಂಡು ಹೋದರೆ ಆ ನಷ್ಟ ಅಲ್ಲಿಗೇ ಮುಗಿಯುತ್ತದೆ ಎಂಬುದು ಈ ಆಟದ ಹಳೆಯ ಉಪಾಯ.

ಇಷ್ಟು ಮೆಚ್ಚಿದ ಮೇಲೆ ನನ್ನ ದೊಡ್ಡ ಅಸಮಾಧಾನವನ್ನೂ ಸ್ಪಷ್ಟವಾಗಿ ಹೇಳಬೇಕು. ಕಡಲುಗಳ್ಳರಿದ್ದಾರೆ, ಕಡಲಿದೆ, ಆದರೆ ಹಡಗಿಗೂ ಹಡಗಿಗೂ ನಡುವಿನ ಕಾಳಗ ಇಲ್ಲ. ಎರಡು ದೋಣಿಗಳು ಎದುರಾದಾಗ ಆಟವು ನಮ್ಮನ್ನು ಮರದ ಹಲಗೆಯ ಕಣಕ್ಕೆ ಕರೆದೊಯ್ದು, ನೆಲದ ಮೇಲೆ ಆಡಿದ ಅದೇ ಷಡ್ಭುಜ ಮನೆಗಳ ಕಾಳಗವನ್ನೇ ಮುಂದಿಡುತ್ತದೆ. ಅಲ್ಲಿ ಗಾಳಿಯ ದಿಕ್ಕಿಗೆ ಬೆಲೆಯಿಲ್ಲ, ಹಾಯಿಗೆ ಬೆಲೆಯಿಲ್ಲ, ಹಡಗಿನ ಪಕ್ಕದ ಫಿರಂಗಿಗಳಂತೂ ಚಿತ್ರಕ್ಕೂ ಸಿಗುವುದಿಲ್ಲ. ಇದಕ್ಕಿಂತ ನೋವಿನ ವಿಷಯ ದೋಣಿ ಹತ್ತುವ, ಇಳಿಯುವ ನಿಯಮ. ದೋಣಿ ಹತ್ತಿದರೆ ಆ ದಿನದ ನಡಿಗೆ ಅಲ್ಲಿಗೆ ಮುಗಿಯಿತು, ದಡಕ್ಕಿಳಿದರೂ ಹಾಗೆಯೇ. ದಡಕ್ಕೆ ಬಂದು ಲೂಟಿ ಮಾಡಿ ಮರಳುವುದೇ ಕಡಲುಗಳ್ಳರ ಕಸುಬಾಗಿರುವಾಗ, ಪ್ರತಿ ಸಲವೂ ಒಂದು ದಿನವನ್ನು ತೆರಬೇಕಾದ ಈ ನಿಯಮ ಆ ಕಸುಬಿನ ಕತ್ತನ್ನೇ ಹಿಸುಕುತ್ತದೆ. ಅಡ್ಮಿರಲ್ಸ್ ಹ್ಯಾಟ್ ಎಂಬ ಮಾಯಾ ಟೋಪಿ ಸಿಕ್ಕರೆ ಈ ದಂಡ ತಪ್ಪುತ್ತದೆ. ಆದರೆ ಅದು ಸಿಗುವುದು ಅದೃಷ್ಟವಿದ್ದವರಿಗೆ. ಹಾಗಾಗಿ ಪೈಪೋಟಿಯ ಆಟಗಳಲ್ಲಿ ನೀರು ಕಡಿಮೆಯಿರುವ, ಅಥವಾ ಇಲ್ಲವೇ ಇಲ್ಲದ ನಕ್ಷೆಗಳನ್ನೇ ಜನ ಆರಿಸಿಕೊಳ್ಳುತ್ತಾರೆ, ಕೋವ್‌ನ ಸೇನೆ ತನ್ನ ಬಾಳನ್ನೆಲ್ಲ ಒಣನೆಲದ ಮೇಲೆ ಕಳೆಯುತ್ತದೆ. ಇದು 1999ರ ಮೂಲ ನಿಯಮದ ಬಳುವಳಿ ಎಂಬುದು ಗೊತ್ತಿದೆ. ಉಳಿದೆಷ್ಟೋ ನಿಯಮಗಳನ್ನು ಧೈರ್ಯದಿಂದ ತಿದ್ದಿದ ತಂಡ (ಉದಾಹರಣೆಗೆ, ಸತ್ತವರನ್ನು ಅಸ್ಥಿಪಂಜರಗಳಾಗಿ ಎಬ್ಬಿಸುವ ವಿದ್ಯೆಯ ಬಲವನ್ನು ಶೇ. 30ರಿಂದ 15ಕ್ಕೆ ಇಳಿಸಿ ಇಡೀ ಆಟದ ಸಮತೋಲವನ್ನು ಉತ್ತಮಪಡಿಸಿದ್ದು ಇವರೇ) ಈ ವಿಷಯದಲ್ಲಿ ಇನ್ನೂ ಒಂದೆರಡು ಹೆಜ್ಜೆ ಮುಂದೆ ಹೋಗಬೇಕಿತ್ತು ಎಂಬುದು ನನ್ನ ಬಲವಾದ ಅಭಿಪ್ರಾಯ.

ಹಡಗುಗಳ ಸರದಿ ಕಾಳಗವೇ ಬೇಕೆನ್ನುವವರು ಬೇರೆ ಕಡೆ ನೋಡಬೇಕಾಗುತ್ತದೆ. ಜರ್ಮನಿಯ ಗೇಮಿಂಗ್ ಮೈಂಡ್ಸ್ ಸ್ಟುಡಿಯೋಸ್ ಮಾಡಿದ, ಕ್ಯಾಲಿಪ್ಸೊ ಸಂಸ್ಥೆ 2020ರಲ್ಲಿ ಪ್ರಕಟಿಸಿದ ‘ಪೋರ್ಟ್ ರಾಯಲ್ 4’ 17ನೆಯ ಶತಮಾನದ ಕೆರಿಬಿಯನ್ನಿನ ವ್ಯಾಪಾರದ ಆಟ. ಅದರ ನೌಕಾಕಾಳಗ ಷಡ್ಭುಜ ಮನೆಗಳ ಮೇಲೆ ಸರದಿಯ ಪ್ರಕಾರ ನಡೆಯುತ್ತದೆ, ಹಡಗು ಯಾವ ಪಕ್ಕವನ್ನು ಶತ್ರುವಿನ ಕಡೆಗೆ ತಿರುಗಿಸಿದೆ ಎಂಬುದೇ ಅಲ್ಲಿ ಮುಖ್ಯ. ಅದೇ ಸಂಸ್ಥೆಗಳು 2023ರಲ್ಲಿ ತಂದ ‘ಟಾರ್ಟುಗಾ: ಎ ಪೈರೇಟ್ಸ್ ಟೇಲ್’ ವ್ಯಾಪಾರವನ್ನು ಬದಿಗೆ ಸರಿಸಿ, ಕಡಲುಗಳ್ಳರ ನಾಯಕನ ಬದುಕನ್ನೇ ಮುಂದಿಡುತ್ತದೆ, ಸಿಬ್ಬಂದಿಯ ಅಸಮಾಧಾನ ಬೆಳೆಯದಂತೆ ಲೂಟಿಯನ್ನು ಹಂಚಬೇಕಾದ ಅದರ ಕಲ್ಪನೆ ಸೊಗಸಾಗಿದೆ, ಆದರೆ ಕಾಳಗಗಳು ಬೇಗ ಏಕತಾನವಾಗುತ್ತವೆ. ಅಬ್ಸಿಡಿಯನ್ ಸಂಸ್ಥೆಯ ‘ಪಿಲ್ಲರ್ಸ್ ಆಫ್ ಇಟರ್ನಿಟಿ 2: ಡೆಡ್‌ಫೈರ್’ 2018ರಲ್ಲಿ ಬಂದದ್ದು, ಮರುವರ್ಷ ಅದಕ್ಕೆ ಪೂರ್ಣ ಸರದಿ ಪದ್ಧತಿಯೂ ಸೇರಿತು. ಅಲ್ಲಿನ ಹಡಗಿನ ಕಾಳಗದಲ್ಲಿ ಎದುರಾಳಿಯ ದೂರ, ಎಡಬಲ ಪಕ್ಕಗಳ ಫಿರಂಗಿಗಳು, ಅವುಗಳಿಗೆ ಮದ್ದು ತುಂಬಲು ಹಿಡಿಯುವ ಸರದಿಗಳು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಆದರೆ ಕಥೆಯೇ ಪ್ರಧಾನವಾದ ಪಾತ್ರಾಭಿನಯದ ಆಟವದು, ತಂತ್ರದಾಟವಲ್ಲ. ಈ ಮೂರರಲ್ಲೂ ಹಡಗುಗಳಿವೆ. ಆದರೆ ಸೇನೆಯ ಒಂದೊಂದು ತುಕಡಿಯ ಸ್ವಭಾವವೂ ಕಡಲುಗಳ್ಳರ ಮನೋಧರ್ಮದಿಂದ ಹುಟ್ಟಿದೆ ಎನ್ನಿಸುವುದು ಕೋವ್‌ನಲ್ಲಿ ಮಾತ್ರ. ಅದಕ್ಕಾಗಿಯೇ ಹಡಗಿನ ಕಾಳಗವಿಲ್ಲದ ಆಟವನ್ನು ಹಡಗಿನ ಕಾಳಗವಿರುವ ಆಟಗಳಿಗಿಂತ ಮೇಲೆ ಇಟ್ಟಿದ್ದೇನೆ.

ಕಂಪ್ಯೂಟರ್ ಎದುರಾಳಿಯ ಬುದ್ಧಿವಂತಿಕೆ ಸಾಧಾರಣ. ಅದು ದೊಡ್ಡ ಸೇನೆಯನ್ನು ಕೂಡಿಸುತ್ತದೆ, ಬಲದ ಅಂದಾಜು ಮಾಡುತ್ತದೆ, ಆದರೆ ಬಲಿಕೊಟ್ಟು ಗೆಲ್ಲುವ ತಂತ್ರಗಳನ್ನು ಅರಿಯದು. ಒಂದು ತುಕಡಿಯನ್ನು ಆಮಿಷವಾಗಿ ಮುಂದಿಟ್ಟರೆ ಪ್ರತಿ ಸಲವೂ ಅದಕ್ಕೇ ಬೀಳುತ್ತದೆ. ನಿಜವಾದ ಸವಾಲು ಮನುಷ್ಯ ಎದುರಾಳಿಯಿಂದಲೇ. ಒಂದೇ ಕಂಪ್ಯೂಟರಿನ ಮುಂದೆ ಸರದಿಯ ಮೇಲೆ ಕುಳಿತು ಎಂಟು ಜನರವರೆಗೆ ಆಡುವ ಹಳೆಯ ಸೌಲಭ್ಯ ಹಾಗೆಯೇ ಇದೆ. ದೂರದವರ ಜೊತೆ ಆಡಲು ವಿಸ್ತರಣೆಯೊಳಗೇ ಆನ್‌ಲೈನ್ ಲಾಬಿ, ಅಂದರೆ ಎದುರಾಳಿಗಳು ಸೇರುವ ತಾಣ, ಇದೆ. ಮೊದಲ ವಾರಗಳಲ್ಲಿ ಇಬ್ಬರ ದಾರಿಗಳೂ ಸಂಧಿಸದಿರುವಾಗ ಇಬ್ಬರೂ ಏಕಕಾಲಕ್ಕೆ ನಡೆ ನಡೆಸುವ ಏರ್ಪಾಡಿರುವುದರಿಂದ ಕಾಯುವ ಬೇಸರ ಬಹಳ ಕಡಿಮೆಯಾಗಿದೆ. ಆದರೂ ಒಂದು ಪೂರ್ಣ ಆಟಕ್ಕೆ ಹಲವು ಗಂಟೆ ಬೇಕು. ರಜೆಯ ದಿನವನ್ನೇ ಮೀಸಲಿಡುವುದು ಒಳ್ಳೆಯದು.

ಕೋವ್‌ನ ಕಥೆಯನ್ನು ಹೇಳುವ ಅಭಿಯಾನಗಳು ಬೇರೆಯೇ ಮಟ್ಟದ ಕೆಲಸ. ರೆಗ್ನಾ ದ್ವೀಪ ಕಡಲುಗಳ್ಳರ ನೆಲೆಯೆಂಬ ಕಲ್ಪನೆ ಮೈಟ್ ಅಂಡ್ ಮ್ಯಾಜಿಕ್ ಸರಣಿಯಲ್ಲಿ ಮೊದಲೇ ಇತ್ತು. ತಂಡ ಅದನ್ನು ಹೊಸದಾಗಿ ಹುಟ್ಟಿಸದೆ, ಇದ್ದ ಎಳೆಯನ್ನೇ ಹಿಡಿದು ಬೆಳೆಸಿದೆ. ಬಿಡ್ಲಿ ಎಂಬ ಕಡಲುಗಳ್ಳರ ನಾಯಕನ ಮಹತ್ವಾಕಾಂಕ್ಷೆ, ಹೊರಗಿನ ಶತ್ರುಗಳಷ್ಟೇ ಅಪಾಯಕಾರಿಯಾದ ಒಳಜಗಳ ಇವು ಕಥೆಯ ತಿರುಳು. ವಿಸ್ತರಣೆಗೆ ಹೆಸರು ಕೊಟ್ಟ ಪಾತಾಳದ ಕೊಂಬು ಬರೀ ಕಥೆಯ ವಸ್ತುವಲ್ಲ, ಆಟದಲ್ಲೂ ಕೈಗೆ ಸಿಗುವ ಮಾಯಾವಸ್ತು: ಕಾಳಗದಲ್ಲಿ ಸತ್ತ ಜೀವಿಗಳ ಜಾಗದಲ್ಲಿ ಫ್ಯಾಂಗಾರ್ಮ್ ಎಂಬ ವಿಕಾರ ಜೀವಿಗಳು ಎದ್ದು ಬಂದು ಕೊಂಬನ್ನು ಹೊತ್ತವನ ಸೇನೆಗೇ ಸೇರುತ್ತವೆ. ಈ ಅಭಿಯಾನಗಳು ಕಠಿಣ. ನಕ್ಷೆ ಮಾಡಿದವರು ಹೀರೋಸ್ 3ರ ಎಲ್ಲ ಸೂಕ್ಷ್ಮಗಳೂ ಆಟಗಾರನಿಗೆ ಗೊತ್ತಿವೆಯೆಂದೇ ಎಣಿಸಿದ್ದಾರೆ. ಹೊಸಬರು ಇಲ್ಲಿಂದ ಆರಂಭಿಸಿದರೆ ಎರಡನೆಯ ನಕ್ಷೆಯಲ್ಲೇ ಕೈಚೆಲ್ಲುವ ಸಂಭವ ಹೆಚ್ಚು.

ಅಳವಡಿಸಿಕೊಳ್ಳಲು ಬಯಸುವವರು ಗಮನಿಸಬೇಕಾದದ್ದು: ವಿಸ್ತರಣೆಗೆ ಹಣ ಕೊಡಬೇಕಿಲ್ಲ, ಆದರೆ ಮೂಲ ಆಟ ಬೇಕು. ‘ಕಂಪ್ಲೀಟ್’ ಅಥವಾ ‘ದಿ ಶ್ಯಾಡೋ ಆಫ್ ಡೆತ್’ ಆವೃತ್ತಿಯೇ ಆಗಬೇಕು. ಯೂಬಿಸಾಫ್ಟ್ 2015ರಲ್ಲಿ ಸ್ಟೀಮ್ ಎಂಬ ಆನ್‌ಲೈನ್ ಮಳಿಗೆಯಲ್ಲಿ ತಂದ ‘ಎಚ್‌ಡಿ ಎಡಿಷನ್’ನ ಮೇಲೆ ಇದು ಕೆಲಸ ಮಾಡುವುದಿಲ್ಲ, ಅದರಲ್ಲಿ ಹಳೆಯ ಎರಡು ವಿಸ್ತರಣೆಗಳೂ ಇಲ್ಲ, ಹೆಸರು ನೋಡಿ ಅದನ್ನು ಕೊಂಡರೆ ಹಣ ವ್ಯರ್ಥ. ಜಿಒಜಿ ಎಂಬ ಆನ್‌ಲೈನ್ ಮಳಿಗೆಯಲ್ಲಿ ಸಿಗುವ ಕಂಪ್ಲೀಟ್ ಆವೃತ್ತಿ ಸರಿಯಾದದ್ದು, ಅಲ್ಲಿ ಆಗಾಗ ಬೆಲೆ ಇಳಿಯುತ್ತದೆ. ದೊಡ್ಡ ಪರದೆಗಳಿಗೆ ಆಟವನ್ನು ಹೊಂದಿಸುವ ಎಚ್‌ಡಿ ಮಾಡ್ ವಿಸ್ತರಣೆಯ ಜೊತೆಯಲ್ಲೇ ಬರುವುದರಿಂದ ಬೇರೆ ಹುಡುಕಬೇಕಿಲ್ಲ. ಹಳೆಯ ಆಟವಾದ್ದರಿಂದ ದುಬಾರಿ ಗ್ರಾಫಿಕ್ಸ್ ಕಾರ್ಡಿನ ಅಗತ್ಯವಿಲ್ಲ. ಕಚೇರಿ ಕೆಲಸಕ್ಕೆ ಕೊಂಡ ಸಾಮಾನ್ಯ ಲ್ಯಾಪ್‌ಟಾಪ್‌ನಲ್ಲೂ ಸರಾಗವಾಗಿ ಓಡುತ್ತದೆ. ಆಟ ಕನ್ನಡದಲ್ಲಿಲ್ಲ; ಇಂಗ್ಲಿಷ್ ಓದು ಬಾರದ ಚಿಕ್ಕ ಮಕ್ಕಳಿಗೆ ಪಕ್ಕದಲ್ಲಿ ಕುಳಿತು ಹೇಳಿಕೊಡುವವರು ಬೇಕಾಗುತ್ತದೆ.

ಹೀರೋಸ್ 3 ಆಡಿ ಬಲ್ಲವರು ನೇರವಾಗಿ ಮಧ್ಯಮ ಗಾತ್ರದ, ದ್ವೀಪಗಳಿರುವ ಒಂದು ನಕ್ಷೆಯಲ್ಲಿ ಕೋವ್ ಆರಿಸಿಕೊಂಡು ಇಳಿಯಬಹುದು. ಹೊಸಬರಿಗೆ ನಾನು ಸೂಚಿಸುವ ಕ್ರಮ ಬೇರೆ. ಮೊದಲು ಮೂಲ ಆಟದ ಕ್ಯಾಸಲ್ ಪಟ್ಟಣವನ್ನು ಆರಿಸಿ, ಚಿಕ್ಕ ನಕ್ಷೆಯಲ್ಲಿ ಕಂಪ್ಯೂಟರನ್ನು ಸೋಲಿಸುವಷ್ಟು ಕಲಿಯಿರಿ. ಆಮೇಲೆ ಕೋವ್‌ಗೆ ಬಂದು, ಮೊದಲ ವಾರದಲ್ಲಿ ನಾವಿಕರನ್ನೂ ಪೈರೇಟ್‌ಗಳನ್ನೂ ಕೂಡಿಸಿ, ಚಿನ್ನ ಒದಗಿದ ಕೂಡಲೇ ಕೋರ್ಸೇರ್ ದರ್ಜೆಗೆ ಏರಿಸಿ, ನಿಕ್ಸ್ ಕೋಟೆ ಎದ್ದು ನಿಲ್ಲುವವರೆಗೂ ಬಲವಾದ ಕಾವಲಿರುವ ನಿಧಿಗಳ ಹತ್ತಿರ ಸುಳಿಯದಿರಿ. ಅಭಿಯಾನಗಳನ್ನು ಕೈಗೆತ್ತಿಕೊಳ್ಳುವುದು ಅದಾದ ಮೇಲೆ.